ಗೋಣು ಹಾಕಿದ ಹಿರಿಯರು

ಪ್ರತಿ ವರ್ಷ ಶಾಲೆ ತೆರೆದ ಮೊದಲ ಶನಿವಾರ ನನ್ನ ತರಗತಿಯ ಮಕ್ಕಳನ್ನೆಲ್ಲ ಮನೆಗೆ ಕರೆಯುತ್ತೇನೆ. ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ ಬರುತ್ತಾರೆ, ಒಂದು ಹಿಡಿ ಚುರುಮುರಿ, ಒಂದು ತುಂಡು ಬೆಲ್ಲ ಇಸಿದುಕೊಂಡು ಹಿತ್ತಲ ಬಾಗಿಲಿನಿಂದ ಓಡಿ ಹೋಗುತ್ತಾರೆ. ನಮ್ಮ ಊರಿನ ಮಾಸ್ತರರೆಲ್ಲ ಹೀಗೆಯೇ ಮಾಡುತ್ತಾರೆ. ಮಾಡದಿದ್ದರೆ ಸೋಮವಾರ ಪ್ರಶ್ನೆ ಕೇಳಿದಾಗ ಮಕ್ಕಳ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ, ಉತ್ತರ ಕೇಳಿಸುವುದಿಲ್ಲ. ಯಾರ ಮಾತು ನಮ್ಮ ಕಿವಿಗೆ ಬೀಳಬೇಕಾದರೂ ಅವರು ನಮ್ಮ ಮನೆಯ ಹೊಸ್ತಿಲು ದಾಟಿ ಬಂದಿರಬೇಕು. ಒಮ್ಮೆ ಬಂದರೆ ಒಂದು ವರ್ಷದವರೆಗೆ ನಡೆಯುತ್ತದೆ. ಕಾಯಿಪಲ್ಲೆ ಮಾರುವವಳು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಮೊದಲು ಹೊಸ್ತಿಲು ದಾಟಿ ಒಳಗೆ ಬಂದು ಹೋಗುತ್ತಾಳೆ, ಆಮೇಲೆ ಕೂಗುತ್ತಾಳೆ. ಮದುವೆಯ ಮೆರವಣಿಗೆ ಬಾಗಿಲಿಗೆ ಬಂದಾಗ ಮುದುಕಿಯರು, "ಸೊಸೀನ್ನ ಇನ್ನೊಂದು ಗಳಿಗಿ ಹೊರಗ ನಿಲ್ಲಸ್ರಿ, ಮನ್ಯಾಗ ಇದ ಕಡೀ ಶಾಂತಿ" ಎಂದು ಅತ್ತೆಯನ್ನು ಚುಡಾಯಿಸುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಪರ ಊರಿನ ಪ್ರಾಧ್ಯಾಪಕರೊಬ್ಬರಿಗೆ ಇದನ್ನೆಲ್ಲ ಹೇಳಿದ್ದೆ. ಅವರು ನನ್ನ ಕಿವಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. ಮತ್ತೆ ಯಾರಿಗೂ ಹೇಳಲಿಲ್ಲ.

ಕೇಳಿಸದವರು ಎದುರು ನಿಂತು ಮಾತಾಡಿದರೆ ಗೋಣು ಹಾಕುವುದು ನಮ್ಮಲ್ಲಿ ಮರ್ಯಾದೆ. "ನಿಮ್ಮ ಮಾತು ಕೇಳಸವಲ್ದು" ಎಂದರೆ "ನಿಮ್ಮನ್ನ ನಾ ಮನೀಗೆ ಕರದಿಲ್ಲ" ಎಂದು ನಾಲ್ಕು ಜನರ ಮುಂದೆ ಸಾರಿದ ಹಾಗೆ. ಅದಕ್ಕಿಂತ ದೊಡ್ಡ ಅವಮಾನ ನಮ್ಮ ಊರಿನಲ್ಲಿಲ್ಲ. ಆದ್ದರಿಂದ ಜನ ಮುಖದಲ್ಲಿ ಮೃದುವಾದ ಒಂದು ನಗೆ ತಂದುಕೊಂಡು, ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ಹೆಣ ಎತ್ತಿದ ಮನೆಯ ಅಂಗಳದಲ್ಲಿ ಎಲ್ಲ ಕಡೆ ಇದು ನಡೆಯುತ್ತದೆ. ಯಾರಿಗೂ ಇದರಿಂದ ಕೇಡಾಗಿರಲಿಲ್ಲ.

ನನ್ನ ಅಣ್ಣ ಜಯವಂತ ಹತ್ತಿಯ ಮಿಲ್ಲಿನಲ್ಲಿ ಟೈಮ್ ಕೀಪರ್ ಆಗಿದ್ದವನು. ಅವನು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ, ತಡವಾಗಿ ಬಂದದ್ದನ್ನೂ ಕಂಡಿಲ್ಲ. ನಮ್ಮ ಕ್ರೈಸ್ತ ಸಭೆಯ ಹಿರಿಯರು ಅವನನ್ನು ಕಾರ್ಯದರ್ಶಿಯನ್ನಾಗಿ ಆರಿಸಿದಾಗ ಊರಿಗೆ ಊರೇ ಸರಿಯಾದ ಆಯ್ಕೆ ಎಂದಿತು. ದೇವಾಲಯ ಗುಡ್ಡದ ಮೇಲಿದೆ. ಸಭೆಯ ಪಾದ್ರಿಗಳಾದ ಅಯ್ಯನವರ ಬಂಗಲೆ, ಹಿರಿಯರ ಮನೆಗಳು, ನಮ್ಮಂಥ ನೌಕರಿಯವರ ಮನೆಗಳು ಅದರ ಸುತ್ತ ಮೇಲಿನ ಓಣಿಯಲ್ಲಿವೆ. ಕ್ವಾರಿಯಲ್ಲಿ, ಮಿಲ್ಲಿನಲ್ಲಿ ದುಡಿಯುವ ಸಭೆಯವರು ಕೆಳಗಿನ ಓಣಿಯಲ್ಲಿದ್ದಾರೆ. ನಡುವೆ ಕಡಿದಾದ ಕಲ್ಲಿನ ಪಾವಟಿಗೆಗಳು.

ಆ ಕಾಲಕ್ಕೆ ಸುಗ್ಗಿಹಬ್ಬದ ಆರಾಧನೆ ಮುಗಿದ ಮೇಲೆ 'ಹೊಸ್ತಿಲ ವಾರ' ಎಂದು ಒಂದು ರೂಢಿಯಿತ್ತು. ಕೆಳಗಿನ ಓಣಿಯವರೆಲ್ಲ ಮನೆಮಂದಿ ಸಮೇತ ಪಾವಟಿಗೆ ಏರಿ ಪ್ರತಿಯೊಬ್ಬ ಹಿರಿಯನ ಮನೆಗೂ ಬರಬೇಕು, ಗೋಧಿ ಹುಗ್ಗಿ ಉಂಡು ಹೋಗಬೇಕು. ಉಣ್ಣುತ್ತ ಮಾತಾಡುತ್ತಿದ್ದರು. ಯಾರೂ ಅದನ್ನು ದೂರು ಎನ್ನುತ್ತಿರಲಿಲ್ಲ, ಅಹವಾಲು ಎನ್ನುತ್ತಿರಲಿಲ್ಲ. ಯಾರ ಮಗ ಕುಡಿಯುವುದು ಬಿಟ್ಟ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಹೋದ ವರ್ಷ ಅಯ್ಯನವರು ಮಾಡಿದ ಪ್ರಸಂಗದಲ್ಲಿ ಯಾವುದು ತಲೆಗೆ ಹೋಗಲಿಲ್ಲ, ಎಲ್ಲ ಹುಗ್ಗಿಯ ಜೊತೆಯಲ್ಲೇ ಬರುತ್ತಿತ್ತು. ಲುದ್ಯಾ ವೈನಿ, ನನ್ನ ಅಣ್ಣನ ಹೆಂಡತಿ, ಆ ವಾರವಿಡೀ ಒಲೆಯ ಮುಂದೆ ಬೆವರುತ್ತಿದ್ದಳು.

ಅಣ್ಣ ಕಾರ್ಯದರ್ಶಿಯಾದ ವರ್ಷ ಕೆಳಗಿನ ಓಣಿಯ ಸಂತೋಷಮ್ಮಜ್ಜಿ ಅವನ ಮನೆಗೆ ಬರುವಾಗ ಪಾವಟಿಗೆಯ ಮೇಲೆ ಜಾರಿ ಬಿದ್ದಳು. ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ಅವಳ ಮನೆಯವರೆಗೆ ಇಳಿದು ಹೋದ. ವಾಪಸು ಬಂದವನು ಊಟ ಮಾಡಲಿಲ್ಲ. ಮುಂದಿನ ಭಾನುವಾರ ಸಭೆಯ ಎದುರು ನಿಂತು, "ಇವ್ರು ಯಾಕ ಏರಿ ಬರಬೇಕು? ನಾವ ಇಳದು ಹೋಗೂಣು. ನಮ್ಮ ಗುರು ಶಿಷ್ಯರ ಕಾಲು ತೊಳದ. ಶಿಷ್ಯರನ್ನ ಬಾಗಲಿಗೆ ಕರಿಸಿ ತನ್ನ ಕಾಲು ತೊಳಿಸಿಕೊಳ್ಳಲಿಲ್ಲ" ಎಂದ. ಕೆಳಗಿನ ಓಣಿಯ ಬೆಂಚುಗಳಲ್ಲಿ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದ ದಾನಿಯೇಲ ಕಾಕಾ ಮಾತ್ರ ಒಂದು ಮಾತು ಕೇಳಿದರು. "ಅಲ್ಲಪಾ ಜಯವಂತ, ಅವ್ರು ಬರದಿದ್ರ ನಮಗ ಹ್ಯಾಂಗ ಕೇಳಸ್ತದ?"

"ಬರಬ್ಯಾಡ್ರಿ ಅಂದಿಲ್ಲ ಕಾಕಾ. ಬರಲೇಬೇಕು ಅನ್ನೂದನ್ನ ತಗದೀವಿ, ಅಷ್ಟ."

ಕಾಕಾ ಗೋಣು ಹಾಕಿದರು. ಠರಾವು ಪಾಸಾಯಿತು. ಅಂದು ಮಧ್ಯಾಹ್ನ ವೈನಿ ಹುಗ್ಗಿಯ ದೊಡ್ಡ ಹಂಡೆಯನ್ನು ಬೋರಲು ಹಾಕುತ್ತ ನನಗೆ ಹೇಳಿದಳು: "ನೋಡ ಕೃಪಾ, ನಿಮ್ಮಣ್ಣಾರು ಇಷ್ಟು ವರ್ಷದಾಗ ನನಗೂ ಉಪಯೋಗ ಆಗೂವಂಥಾ ಕೆಲಸ ಇದೊಂದ ಮಾಡಿದ್ದು."

ಮೊದಲ ವರ್ಷ ಅಯ್ಯನವರೂ ಹಿರಿಯರೂ ಕೆಳಗಿನ ಓಣಿಯ ಪ್ರತಿ ಮನೆಗೂ ಹೋಗಿ, ಚಾಪೆಯ ಮೇಲೆ ಕೂತು, ಚಹಾ ಕುಡಿದು, ಪ್ರಾರ್ಥನೆ ಮಾಡಿ ಬಂದರು. ಎರಡನೆಯ ವರ್ಷ ಚಹಾ ಬಿಟ್ಟರು, ಮನೆಗಳು ಬಹಳ, ಸಂಜೆ ಸಣ್ಣದು. ಆಮೇಲೆ ನಿಂತೇ ಪ್ರಾರ್ಥನೆ ಮಾಡುವುದಾಯಿತು. ಒಂದು ಕಾಲು ಒಳಗಿಟ್ಟರೂ ಸಾಕು ಎಂಬುದನ್ನು ಕಂಡುಹಿಡಿದವರು ಗಿದ್ಯೋನಪ್ಪ ಎಂಬ ಹಿರಿಯರು. ಅವರಿಗೆ ಮಂಡಿನೋವು, ಎರಡೂ ಚಪ್ಪಲಿ ಬಿಚ್ಚಿ ಹಾಕಿಕೊಳ್ಳುವುದು ಕಷ್ಟ. ಬಲಗಾಲು ಬರಿದಾಗಿ ಒಳಗೆ, ಎಡಗಾಲು ಚಪ್ಪಲಿಯ ಸಮೇತ ಹೊರಗೆ, ತುಟಿಯ ಮೇಲೆ ಆಶೀರ್ವಾದ. ಓಣಿಯ ಮಕ್ಕಳು ಒಂಟಿಕಾಲಿನ ಕೊಕ್ಕರೆಯ ಆಟ ಕಟ್ಟಿ ಅದನ್ನು 'ಹಿರ್ಯಾರ ಆಟ' ಎಂದರು. ಅಣ್ಣನಿಗೆ ಇದು ಮೊದಲು ಸರಿಬರಲಿಲ್ಲ. ಆದರೆ ಒಂದು ಸಂಜೆಯಲ್ಲಿ ಓಣಿ ಪೂರ್ತಿ ಮುಗಿಯುವುದನ್ನು ನೋಡಿ ಅವನೊಳಗಿನ ಟೈಮ್ ಕೀಪರ್ ಸಮಾಧಾನಪಟ್ಟ.

ಕೆಲಸ ಚೆನ್ನಾಗಿಯೇ ನಡೆಯಿತು. ಅಯ್ಯನವರ ಪ್ರಸಂಗ, ಹಿರಿಯರ ಸೂಚನೆ ಎಲ್ಲ ಕಡೆಯ ಬೆಂಚಿನವರೆಗೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಾರ್ಷಿಕ ಸಭೆಯಲ್ಲಿ ಅಣ್ಣ ಪ್ರತಿ ಠರಾವು ಓದಿ, "ಯಾರದಾದರೂ ತಕರಾರು ಐತೇನ್ರಿ?" ಎಂದು ಕೇಳಿ, ಕಾದು, ಮುಂದಕ್ಕೆ ಹೋಗುತ್ತಿದ್ದ. ಮೊದಲೆಲ್ಲ ಕತ್ತಲಾಗುವವರೆಗೆ ಎಳೆಯುತ್ತಿದ್ದ ಸಭೆ ಈಗ ಊಟದ ಹೊತ್ತಿಗೆ ಮುಗಿಯುತ್ತಿತ್ತು. "ಮಂದಿ ಶಾಣ್ಯಾ ಆದ್ರು" ಎಂದ ಅಣ್ಣ ಒಮ್ಮೆ, ನಿಜವಾದ ಸಂತೋಷದಿಂದ. ಅವನಿಗೆ ಕಿವುಡು ಬಂದಿದೆ ಎಂದು ಅನ್ನಿಸುವ ಸಂದರ್ಭವೇ ಇರಲಿಲ್ಲ. ಮೇಲಿನ ಓಣಿಯವರು ದಿನಾ ಅವನ ಮನೆಗೆ ಬರುತ್ತಿದ್ದರು, ಪಡಸಾಲೆ ತುಂಬ ಮಾತು ಇರುತ್ತಿತ್ತು. ಆರಾಧನೆಯಲ್ಲಿ ಕೀರ್ತನೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತಿವೆ ಎಂದು ಹಿರಿಯರು ಚಿಂತೆ ಮಾಡಿ, ಶುಕ್ರವಾರ ಸಂಜೆ ಹಾಡಿನ ಅಭ್ಯಾಸ ಇಟ್ಟರು. ಕೆಳಗಿನ ಓಣಿಯವರು ಬಂದು ಗಂಟಲು ಹರಿಯುವಂತೆ ಹಾಡಿದರು. ಹಿರಿಯರು ಎದುರು ಕೂತು, "ಇನ್ನಷ್ಟು ದನಿ ತಗೀರಿ, ನಾಚಬ್ಯಾಡ್ರಿ" ಎನ್ನುತ್ತಿದ್ದರು.

ತಬಿತಮ್ಮ ಕೆಳಗಿನ ಓಣಿಯ ಮೊದಲ ಮನೆಯವಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗಳು ಎಸ್ತೇರಳನ್ನು ಓದಿಸುತ್ತಿದ್ದಳು. ಆ ಮಗಳು ನನ್ನ ತರಗತಿಯಲ್ಲಿತ್ತು, ಹಾಗಾಗಿ ವರ್ಷಕ್ಕೊಮ್ಮೆ ಚುರುಮುರಿಯ ಶನಿವಾರ ತಾಯಿಯೂ ಮಗಳ ಜೊತೆ ನನ್ನ ಮನೆಗೆ ಬಂದು ಹೋಗುತ್ತಿದ್ದಳು. ಸಭೆಯವರಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನದ ಭಾನುವಾರವೆಂದರೆ ಅವಳಿಗೆ ಹಬ್ಬ. ಹಿಂದಿನ ದಿನ ಹಿಟ್ಟು ಮುಟ್ಟುತ್ತಿರಲಿಲ್ಲ. ಉಗುರಿನ ಸಂದಿಯ ಹಿಟ್ಟನ್ನೆಲ್ಲ ತೆಗೆದು, ಬಿಳಿ ಸೀರೆ ಉಟ್ಟು, ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದಳು. "ವರ್ಷೆಲ್ಲಾ ಮಂದಿಗೆ ರೊಟ್ಟಿ ಕೊಡ್ತೀನ್ರೀ ಅಕ್ಕಾರ, ನನಗ ಒಬ್ಬರು ರೊಟ್ಟಿ ಕೈಯಾಗ ಕೊಡೂದು ಅಲ್ಲೊಂದ ಕಡೆ" ಎಂದು ಒಮ್ಮೆ ನನಗೆ ಹೇಳಿದ್ದಳು.

ಒಂದು ವರ್ಷ ಸುಗ್ಗಿಯ ಮುಂಚೆ ಅಣ್ಣ ಓಣಿಯ ಭೇಟಿಗೆ ಹೋದಾಗ ತಬಿತಮ್ಮನ ಮನೆಯ ಹೊಸ್ತಿಲೊಳಗೆ ಒಂದು ಕಾಲಿಟ್ಟು ನಿಂತ. ಒಳಗೆ ಅಡ್ಡಕ್ಕೆ ಹಳೆಯ ಸೀರೆಯ ಪರದೆ ಕಟ್ಟಿತ್ತು. ಪರದೆಯ ಕೆಳಗೆ ಹಗ್ಗ ಹೆಣೆದ ಹೊರಸಿನ ಅಂಚು, ಅದರ ಮೇಲೆ ಗಂಡಸಿನ ಎರಡು ಪಾದಗಳು ಕಂಡವು. ಅಣ್ಣ ಆಶೀರ್ವಾದ ಹೇಳಿ ಕಾಲು ತೆಗೆದ. ಎರಡನೆಯ ಕಾಲನ್ನು ಒಳಗಿಟ್ಟಿದ್ದರೆ ಪರದೆಯ ಆ ಕಡೆ ಕಾಣುತ್ತಿತ್ತು. ಅವನಿಗೆ ಸಿಟ್ಟು ಬಂದಿರಲಿಲ್ಲ. ಹೇಳದೆ ಬಿಟ್ಟರೆ ಕಾರ್ಯದರ್ಶಿಯ ಕರ್ತವ್ಯ ತಪ್ಪಿದಂತಾಗುತ್ತದೆ ಎಂದು ದಿನಗಟ್ಟಲೆ ಒದ್ದಾಡಿ, ಕೊನೆಗೆ ಅಯ್ಯನವರಿಗೂ ಹಿರಿಯರಿಗೂ ತಿಳಿಸಿದ.

ಅವರು ತಬಿತಮ್ಮನನ್ನು ಆರಾಧನೆಯ ನಂತರ ದೇವಾಲಯದ ಪಕ್ಕದ ಕೋಣೆಗೆ, ವೆಸ್ಟ್ರಿಗೆ, ಕರೆದರು. ಅಯ್ಯನವರು, ಅಣ್ಣ, ಗಿದ್ಯೋನಪ್ಪ, ದಾನಿಯೇಲ ಕಾಕಾ, ನಾಲ್ವರೇ. ಅವಳ ಮಾನ ಹೋಗಬಾರದೆಂದು ಬಾಗಿಲು ಹಾಕಿದರು. ಅಣ್ಣನೇ ಕೇಳಿದ: "ನಿಮ್ಮ ಮನ್ಯಾಗ ಒಬ್ಬ ಗಂಡಸು ಇರ್ತಾನಂತ ತಿಳದೈತಿ. ನೀವು ಏನ್ ಹೇಳೂದೈತಿ ಹೇಳ್ರಿ." ಅವಳು ಸೆರಗು ಸರಿಪಡಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಕೈಯಿಂದ ಕಲ್ಲು ಉರುಳಿದಂತೆ ತೋರಿಸಿದಳು, ಒಮ್ಮೆ ನಕ್ಕಳು, ಕೊನೆಗೆ ತಲೆ ತಗ್ಗಿಸಿ ಕೈ ಮುಗಿದಳು. ನಾಲ್ವರೂ ಮೃದುವಾಗಿ ನಗುತ್ತ ಗೋಣು ಹಾಕಿದರು. ಅವಳು ಹೊರಗೆ ಬಂದಾಗ ನಾನು ಅಂಗಳದಲ್ಲಿದ್ದೆ. ಜ್ವರ ಬಿಟ್ಟವಳ ಮುಖದ ಹಾಗೆ ಅವಳ ಮುಖ ಹಗುರವಾಗಿತ್ತು.

ಮುಂದಿನ ಭಾನುವಾರ ಅಣ್ಣ ಸೂಚನೆ ಓದಿದ. ತಬಿತಮ್ಮ ಎಂಬ ಸಹೋದರಿಯು ತನ್ನ ಮನೆಯನ್ನು ಕ್ರಮಕ್ಕೆ ತಂದುಕೊಳ್ಳುವವರೆಗೆ ಕರ್ತನ ಭೋಜನದಿಂದ ದೂರ ಇರತಕ್ಕದ್ದು. ಆಕೆಯ ಹೇಳಿಕೆಯನ್ನು ಹಿರಿಯರು ಕೇಳಿರುತ್ತಾರೆ. ಅವನು ಅವಳ ಹೊಸ್ತಿಲೊಳಗೆ ಕಾಲಿಟ್ಟಿದ್ದನಲ್ಲ, ಒಂದೊಂದು ಅಕ್ಷರವೂ ಅವಳಿಗೆ ಕೇಳಿಸಿತು. ಬಿಳಿ ಸೀರೆಯಲ್ಲಿ ಕೂತಿದ್ದವಳು ಎದ್ದು, ಮಗಳ ಕೈ ಹಿಡಿದು, ನಡು ದಾರಿಯಲ್ಲಿ ನಡೆದು ಹೊರಗೆ ಹೋದಳು. ಓಣಿಯ ಹೆಂಗಸರು ಎದ್ದು ನಿಂತು ಏನೋ ಕೂಗುತ್ತಿದ್ದರು. ನನಗೂ ಅದು ಕೇಳಿಸಲಿಲ್ಲ. ಹಿರಿಯರು ಅವರ ಕಡೆಗೂ ಗೋಣು ಹಾಕಿದರು.

ಎಸ್ತೇರ್ ಶಾಲೆಗೆ ಬರುವುದು ನಿಂತಾಗ ನಾನು ಪಾವಟಿಗೆ ಇಳಿದು ಅವರ ಮನೆಗೆ ಹೋದೆ. ಪರದೆ ಎತ್ತಿ ಕಟ್ಟಿತ್ತು. ಹೊರಸಿನ ಮೇಲೆ ಗಡ್ಡ ಬೆಳೆದ ಒಬ್ಬ ಮನುಷ್ಯ ಮಲಗಿದ್ದ. ಎರಡೂ ಕಾಲಿಗೆ ತೊಡೆಯವರೆಗೆ ಬಿದಿರಿನ ದಬ್ಬೆ ಬಿಗಿದು ಬಟ್ಟೆ ಸುತ್ತಿತ್ತು, ಪಾದಗಳಷ್ಟೇ ಹೊರಗಿದ್ದವು. ತಬಿತಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಯಮನಪ್ಪ ಅಂತ್ರಿ. ಕ್ವಾರ್ಯಾಗ ಕಲ್ಲು ಉಳ್ಳಿ ಕಾಲಿನ ಮ್ಯಾಲೆ ಬಿತ್ತು. ದವಾಖಾನ್ಯಾಗ ಕಟ್ಟಿ, ಮನೀಗೆ ಒಯ್ಯಿರಿ ಅಂದ್ರಂತ. ಇವಗ ಎಲ್ಲಿ ಮನಿ? ಗಾಡಿಯಾವ ಓಣಿ ಬಾಯಾಗ ಇಳಿಸಿ ಹೋಗಿಬಿಟ್ಟ. ನಂದು ಮೊದಲನೇ ಮನಿ, ಅಷ್ಟರೀ."

ಓಣಿಯವರೆಲ್ಲ ಸರದಿಯಲ್ಲಿ ಅವನಿಗೆ ಗಂಜಿ ತರುತ್ತಿದ್ದರು. ಗಂಡಸರು ಬೆಳಿಗ್ಗೆ ಬಂದು ಎತ್ತಿ ಸ್ನಾನ ಮಾಡಿಸುತ್ತಿದ್ದರು. ಗುಡ್ಡದ ಕೆಳಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ.

"ಇದನ್ನ ಹಿರ್ಯಾರಿಗೆ ಹೇಳಬೇಕಿತ್ತಲ್ಲ ತಬಿತಮ್ಮ" ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೇಳಿದ್ನೆಲ್ರೀ ಅಕ್ಕಾರ! ವೆಸ್ಟ್ರ್ಯಾಗ ನಿಂತು ಮೊದಲಿಂದ ಕಡೀತನಕ ಹೇಳಿದ್ನಿ. ಎಲ್ಲಾರೂ ಗೋಣ ಹಾಕಿದ್ರು. ಹೇಳ್ರಿ ಅಂತ ಅವರ ಕರಸಿದ್ರು, ಕೇಳಸದಿದ್ರ ಕರಸ್ತಿದ್ರೇನು? ನಿಮ್ಮಣ್ಣಾರಂತೂ ಎಷ್ಟ ಚಂದಂಗ ನಕ್ರು. ನಾ ಖುಷೀಲೆ ಮನೀಗೆ ಬಂದು ಇವಗ ಹೇಳಿದ್ನಿ, ನಮ್ಮ ಹಿರ್ಯಾರು ದೊಡ್ಡ ಮನಸಿನವ್ರು ಅಂತ." ಹಿಟ್ಟಿನ ಕೈಯನ್ನು ಮಡಿಲಿಗೆ ಇಟ್ಟುಕೊಂಡಳು. "ಕೇಳದವ್ರು ಮಾಡಿದ್ರ ತಡಕೋತಿದ್ನಿರೀ. ಕೇಳಿ ಮಾಡಿದ್ರಲ್ಲ."

ನಾನು ನೇರ ಅಣ್ಣನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. "ಅಣ್ಣಾ, ತಬಿತಮ್ಮ ವೆಸ್ಟ್ರ್ಯಾಗ ಏನ್ ಹೇಳಿದ್ಳು?" ಎಂದೆ.

"ಆಕಿ ತಪ್ಪು ಒಪ್ಪಿಕೊಂಡ್ಳಂತ ಗಿದ್ಯೋನಪ್ಪ ಅಂದ್ರಲ್ಲ."

"ಗಿದ್ಯೋನಪ್ಪ ಅಂದದ್ದು ಬ್ಯಾಡ. ನಿನಗ ಏನ್ ಕೇಳಿಸ್ತು?"

ಅವನು ಬಸಿ ಕೆಳಗಿಟ್ಟ. ಅವನ ಮುಖದಲ್ಲಿ ಮೊದಲು ಕೋಪ ಬಂತು, ಆಮೇಲೆ ಅದು ಹೋಯಿತು. ಅಡುಗೆಮನೆಯ ಕಡೆ ತಿರುಗಿ, "ಲುದ್ಯಾ, ತಬಿತಮ್ಮ ನಮ್ಮ ಮನೀಗೆ ಯಾವಾಗ ಬಂದಿದ್ಳು?" ಎಂದು ಕೇಳಿದ. "ಆ ಠರಾವು ಆದಮ್ಯಾಲೆ ಕೆಳಗಿನ ಓಣ್ಯಾಗಿಂದ ಯಾರು ಬಂದಾರ್ರೀ?" ಎಂದಳು ವೈನಿ ಒಳಗಿನಿಂದ. ಅಣ್ಣ ಟೋಪಿ ಕೂಡ ಹಾಕಿಕೊಳ್ಳದೆ ಎದ್ದು ಹೊರಟ. ನಾನು ಹಿಂದೆ ಹೋದೆ.

ಗಿದ್ಯೋನಪ್ಪ ಕಟ್ಟೆಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ನನಗೆಲ್ಲಿ ಕೇಳಸ್ಬೇಕೋ ಮಾರಾಯಾ? ಆಕೀನ್ನ ಪ್ರಶ್ನೆ ಕೇಳಿದಾವ ನೀನ, ನಿನಗ ಕೇಳಸಿರ್ತದ ಅಂದ್ಕೊಂಡೆ. ನೀ ಗೋಣ ಹಾಕಿದಿ, ನಾನೂ ಹಾಕಿದೆ. ಕಡೀಕೆ ತಲಿ ತಗ್ಗಿಸಿದ್ಳಲ್ಲ, ಒಪ್ಪಿಕೊಂಡ್ಳು ಅಂತ ತಿಳದೆ" ಎಂದರು. ಅಯ್ಯನವರು ನಮ್ಮ ಊರಿಗೆ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. "ಹಿರಿಯರು ನೀವೆಲ್ಲ ಕೇಳಿಸಿಕೊಳ್ಳುತ್ತಿದ್ದೀರಿ ಎಂದುಕೊಂಡೆ. ನಾನೊಬ್ಬ ಕೇಳಲಿಲ್ಲ ಎಂದು ಹೇಗೆ ಹೇಳಲಿ?" ಎಂದು ಅವರು ಬಿಳಿಚಿಕೊಂಡರು. ದಾನಿಯೇಲ ಕಾಕಾ ಹೊರಸಿನ ಮೇಲೆ ಎದ್ದು ಕೂತು ಅಣ್ಣನನ್ನೇ ನೋಡಿದರು. "ನನಗೂ ಕೇಳಲಿಲ್ಲಪಾ. ಕೇಳೂದಿಲ್ಲಂತ ನನಗ ಮೊದಲ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಗೋಣ ಹಾಕಿದ್ರಿ ಕಾಕಾ?"

"ನೀವೆಲ್ಲಾ ಹಾಕಾಕತ್ತಿದ್ರೆಲ್ಲೋ."

ಆ ವಾರವೇ ಅಣ್ಣ ಶಿಕ್ಷೆಯನ್ನು ರದ್ದು ಮಾಡಿಸಿದ. ಅಯ್ಯನವರು ಸೂಚನೆಯಲ್ಲಿ 'ತಪ್ಪು ತಿಳುವಳಿಕೆಯಿಂದ' ಎಂದು ಬರೆದಿದ್ದರು. ಅಣ್ಣ ಅದನ್ನು ಹೊಡೆದುಹಾಕಿ, 'ನಾವು ಕೇಳದೆ ತೀರ್ಪು ಕೊಟ್ಟೆವು' ಎಂದು ಓದಿದ. ಆದರೆ ಅದನ್ನು ಕೇಳಬೇಕಾದವಳು ಅಲ್ಲಿರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ಆಗ ಅವನು ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದ.

ಎರಡೂ ಚಪ್ಪಲಿ ಬಿಚ್ಚಿ, ಎರಡೂ ಕಾ‌ಲು ಒಳಗಿಟ್ಟು, ಯಮನಪ್ಪನ ಹೊರಸಿನ ಪಕ್ಕ ನೆಲದ ಮೇಲೆ ಕೂತ. ತಾನು ಕಂಡದ್ದೇನು, ಕಾಣದ್ದೇನು, ಯಾಕೆ ಗೋಣು ಹಾಕಿದೆ, ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದ. ತನ್ನನ್ನು ಕ್ಷಮಿಸಬೇಕು, ಕರ್ತನ ಮೇಜಿಗೆ ಬರಬೇಕು ಎಂದ. ತಬಿತಮ್ಮ ಕೇಳುತ್ತಲೇ ರೊಟ್ಟಿ ಬಡಿದಳು. ಆಮೇಲೆ ಕೈ ಒರೆಸಿಕೊಂಡು ಮಾತಾಡತೊಡಗಿದಳು. ಅಣ್ಣ ಅವಳ ತುಟಿಗಳನ್ನೇ ನೋಡುತ್ತಿದ್ದ. ಕತ್ತಿನ ನರ ಬಿಗಿದಿತ್ತು, ತಲೆ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದ. ಕೊನೆಗೆ, "ತಬಿತಮ್ಮ, ನಿಮ್ಮ ಮಾತು ನನಗ ಕೇಳಸವಲ್ದು" ಎಂದ.

ಹೊರಸಿನ ಮೇಲಿನ ಯಮನಪ್ಪ ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿದ. ಅಂಥ ಮಾತನ್ನು ಒಬ್ಬ ಹಿರಿಯ ಒಬ್ಬ ಹೆಂಗಸಿನ ಮನೆಯಲ್ಲಿ ಕೂತು ಹೇಳಿದ್ದನ್ನು ಆ ಓಣಿ ಕೇಳಿರಲಿಲ್ಲ. "ನೀವು ನಮ್ಮ ಮನೀಗೆ ಬರ್ರಿ. ನಿಮ್ಮ ಕಾಲು ಮುಗೀತೀನಿ. ಬಂದು, ಅವತ್ತು ಹೇಳಿದ್ದನ್ನ ಮತ್ತೊಮ್ಮೆ ಹೇಳ್ರಿ" ಎಂದ ಅಣ್ಣ.

ಅವಳು ನಕ್ಕುಬಿಟ್ಟಳು. ನನಗೆ ಕೇಳಿಸಿತು. "ಅಂದ್ರ ಈಗ ನಾನ ಏರಿ ಬರಬೇಕು! ಬರೂದು ಬ್ಯಾಡ ಅಂದವ್ರು ಇವರ, ಬರ್ರಿ ಅನ್ನಾವ್ರೂ ಇವರ. ಇವನ್ನ ಒಬ್ಬನ್ನ ಬಿಟ್ಟು ನಾ ಎಲ್ಲಿಗೆ ಬರ್ಲಿ ಅಕ್ಕಾರ? ಹೇಳೂದೂ ನನ್ನ ಕೆಲಸ, ಕೇಳಿಸೂದೂ ನನ್ನ ಕೆಲಸೇನು?"

ನಾನು ಅಣ್ಣನ ಕಡೆ ತಿರುಗಿದೆ. ಅವನು ಕೈ ಅಡ್ಡ ಹಿಡಿದ. "ನೀ ಹೇಳಬ್ಯಾಡ ಕೃಪಾ. ನಿನ್ನ ಬಾಯಿಲೆ ಬಂದ್ರ ಅದು ನಿನ್ನ ಮಾತಾಗತದ." ವಾಪಸು ಏರುವಾಗ ನಡು ಪಾವಟಿಗೆಯಲ್ಲಿ ನಿಂತು ಏದುಸಿರು ಬಿಡುತ್ತ, "ಬರ್ತಾಳಂತೇನು?" ಎಂದಷ್ಟೇ ಕೇಳಿದ. ಇಲ್ಲ ಎಂದೆ.

ಸುಗ್ಗಿ ಬಂದಾಗ ಹೊಸ್ತಿಲ ವಾರವನ್ನು ಮತ್ತೆ ಶುರು ಮಾಡಿದರು. ವೈನಿ ಗೊಣಗದೆ ಹಂಡೆ ತೊಳೆದಳು. ಆದರೆ ರೂಢಿ ಎಂಬುದು ನಿಲ್ಲಿಸಿದಷ್ಟು ಸುಲಭವಾಗಿ ಮತ್ತೆ ಹತ್ತುವುದಿಲ್ಲ. ಬಂದವರು ಕೆಲವರು. ಅವರೂ ಹುಗ್ಗಿ ಉಂಡು, ಈ ವರ್ಷ ಚಳಿ ಬಹಳ ಎಂದು, ಎಲ್ಲರೂ ಆರಾಮ ಇದ್ದೀವ್ರಿ ಎಂದು ಎದ್ದು ಹೋದರು. ದನಿ ಕೇಳಿಸಿತು, ಮಾತು ಬರಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಒಮ್ಮೆ ಕಲಿತವರು ಅದನ್ನು ಬೇಗ ಮರೆಯುವುದಿಲ್ಲ. ಅಣ್ಣ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕಳಿಸಿಕೊಟ್ಟು ಒಳಗೆ ಬಂದು, ಉಳಿದ ಹುಗ್ಗಿಯನ್ನು ನೋಡುತ್ತ ಕೂತುಬಿಟ್ಟ.

ಹಬ್ಬದ ಗದ್ದಲ ಮುಗಿದ ಮೇಲೆ ಕಾರ್ಯದರ್ಶಿಯ ಕೆಲಸ ಬಿಟ್ಟ. ಕೆಳಗಿನ ಓಣಿಯಲ್ಲಿ, ತಬಿತಮ್ಮನ ಮನೆಯ ಎದುರು, ಮುಚ್ಚಿದ ಹಿಟ್ಟಿನ ಗಿರಣಿಯ ಒಂದು ಕೋಣೆ ಖಾಲಿ ಇತ್ತು. ಅದನ್ನು ಬಾಡಿಗೆಗೆ ಹಿಡಿದ. ವೈನಿ ಅತ್ತಳು. "ಈ ವಯಸ್ಸಿನ್ಯಾಗ ಮನಿ ಬಿಟ್ಟು ಹೋದ್ರ ಮಂದಿ ಏನಂತಾರ? ನಾನ ಹೊರಗ ಹಾಕೀನಿ ಅಂತಾರ."

"ಅನ್ನಲಿ ಬಿಡು. ಅವ್ರಂದದ್ದು ಅಲ್ಲಿದ್ರ ನನಗ ಕೇಳಿಸ್ತದ."

ಬಾಡಿಗೆಯ ಕೋಣೆ ಮನೆಯೆಂದು ಲೆಕ್ಕಕ್ಕೆ ಬರುತ್ತದೆಯೇ ಎಂದು ಓಣಿಯಲ್ಲಿ ಚರ್ಚೆಯಾಯಿತು. ಒಲೆ ಹಚ್ಚಿದರೆ ಮನೆ ಎಂದು ಹಿರಿ ತಲೆಗಳು ತೀರ್ಮಾನಿಸಿದವು. ಜೀವನದಲ್ಲಿ ಒಂದು ಲೋಟ ಚಹಾ ಮಾಡಿಕೊಳ್ಳದವನು ಒಲೆ ಹಚ್ಚಿ ಅನ್ನಕ್ಕಿಟ್ಟ. ಹೊಗೆ ನೋಡಿ ಓಡಿ ಬಂದ ಒಬ್ಬ ಮುದುಕ ಹೊಸ್ತಿಲು ದಾಟಿ, "ಸಾಹೇಬ್ರ, ನಿಮ್ಮ ಅನ್ನ ಹೊತ್ತು ಕರ್ರಗಾಗೇತಿ!" ಎಂದು ಕೂಗಿದ. ಕೆಳಗಿನ ಓಣಿಯಿಂದ ಅಣ್ಣನಿಗೆ ನಿಚ್ಚಳವಾಗಿ ಕೇಳಿಸಿದ ಮೊದಲ ಮಾತು ಅದು. ಅವನು ಅದನ್ನು ನನಗೆ ಹೇಳುವಾಗ ನಗಲು ಹೋಗಿ ಅತ್ತ.

ಒಬ್ಬೊಬ್ಬರೇ ಬಂದರು. ಯಾರೋ ಉಪ್ಪು ಕೇಳಲು, ಯಾರೋ ಅನ್ನ ಮಾಡಲು ಕಲಿಸಲು, ಯಾರೋ ಮೇಲಿನ ಓಣಿಯವನು ನೆಲದ ಮೇಲೆ ಮಲಗುವುದನ್ನು ನೋಡಲು. ಅವನು ಉಪದೇಶ ಮಾಡಲಿಲ್ಲ, ಯಾರ ಮನೆಯನ್ನೂ ಕ್ರಮಕ್ಕೆ ತರಲಿಲ್ಲ. ಕೂತು ಕೇಳಿದ. ಸಭೆ ನಡೆಸಿದ ಅಷ್ಟೂ ವರ್ಷಗಳಲ್ಲಿ ಅವರು ಹಿಂದಿನ ಬೆಂಚುಗಳಲ್ಲಿ ಕೂತಲ್ಲಿಂದಲೇ ಯಾವ ಯಾವ ಠರಾವಿಗೆ ಏನೇನು ತಕರಾರು ಹೇಳಿದ್ದರು ಎಂಬುದು ಆಗ ಅವನಿಗೆ ತಿಳಿಯಿತು. ಹಲವು ಒಳ್ಳೆಯ ಮಾತುಗಳಿದ್ದವು. ಕೆಲವಕ್ಕೆ ಕಾಲ ಮೀರಿತ್ತು. "ಶಿಷ್ಯ ಅಂದ್ರ ಕೇಳಾವ ಕೃಪಾ. ನಾ ಹಿರ್ಯಾ ಆದೆ, ಶಿಷ್ಯ ಆಗೂದ ಮರತೆ" ಎಂದ ಒಂದು ಸಂಜೆ.

ತಬಿತಮ್ಮ ಬರಲಿಲ್ಲ. ಎದುರುಬದುರಿನ ಬಾಗಿಲು. ಬಿಸಿ ರೊಟ್ಟಿ ಮಗಳ ಕೈಯಲ್ಲಿ ಕಳಿಸುತ್ತಿದ್ದಳು, ತಾನು ಓಣಿ ದಾಟುತ್ತಿರಲಿಲ್ಲ. ಅಣ್ಣ ಕರೆಯಲಿಲ್ಲ. ಒಮ್ಮೆ ಕರೆದದ್ದೇ ತಪ್ಪಾಗಿತ್ತು ಎನ್ನುತ್ತಿದ್ದ. ಕರ್ತನ ಮೇಜಿಗೂ ಅವಳು ಇಂದಿನವರೆಗೆ ಬಂದಿಲ್ಲ. ಅಯ್ಯನವರು ಎಷ್ಟು ಸಲ ಹೋಗಿ ಕೇಳಿದರೂ, "ಮುಂದಿನ ಸಲ ನೋಡೂಣ್ರಿ" ಎನ್ನುತ್ತಾಳೆ. ಬಿಳಿ ಸೀರೆಯನ್ನು ಎರಡು ತುಂಡು ಮಾಡಿ ಯಮನಪ್ಪನ ಕಾಲಿಗೆ ಸುತ್ತಿದ್ದಾಳೆ ಎಂದು ಎಸ್ತೇರ್ ನನಗೆ ಹೇಳಿತು.

ಮಳೆ ಹಿಡಿದ ಒಂದು ಶನಿವಾರ ಮಧ್ಯಾಹ್ನ ನಾನು ವೈನಿ ಕೊಟ್ಟ ಚಟ್ನಿಪುಡಿ ತೆಗೆದುಕೊಂಡು ಅಣ್ಣನ ಕೋಣೆಗೆ ಹೋಗಿದ್ದೆ. ಅವನು ಈಳಿಗೆಮಣೆಯ ಮುಂದೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಹೊರಗೆ ಕೆಸರಿನಲ್ಲಿ ಓಡಿ ಬಂದ ಸದ್ದಾಯಿತು. ತಬಿತಮ್ಮ ನೇರ ಒಳಗೆ ನುಗ್ಗಿದಳು, ಸೆರಗು ತೊಯ್ದು ಹೋಗಿತ್ತು. "ಬರ್ರಿ, ಬರ್ರಿ! ಹೊರಸಿನ ಹಗ್ಗ ಹರದು ಕೆಳಗ ಬಿದ್ದಾನ, ಗಂಡಸ್ರು ಯಾರೂ ಓಣ್ಯಾಗಿಲ್ಲ, ನನಗೊಬ್ಬಾಕಿಗೆ ಎತ್ತಾಕ ಆಗವಲ್ದು!"

ಅಣ್ಣ ಈಳಿಗೆಮಣೆ ಬಿಟ್ಟು ಎದ್ದ. ಅವಳ ಮಾತು ಕೇಳಿಸಿತೆಂಬುದು ಅವನಿಗೆ ಓಣಿ ದಾಟಿದ ಮೇಲೆಯೇ ಹೊಳೆದಿರಬೇಕು. ಅವಳ ಹೊಸ್ತಿಲಲ್ಲಿ ಒಂದು ಗಳಿಗೆ ತಡೆದು ನಿಂತು, ಹಣೆ ಒರೆಸಿಕೊಂಡು ಒಳಗೆ ಹೋದ. ಮೂವರೂ ಸೇರಿ ಯಮನಪ್ಪನನ್ನು ಚಾಪೆಯ ಮೇಲೆ ಎಳೆದುಕೊಂಡೆವು. ಅವನು ನೋವಿಗೆ ಹಲ್ಲು ಕಚ್ಚಿದ್ದ. ಸುತ್ತಿದ ಬಟ್ಟೆ ಬಿಚ್ಚಿಹೋಗಿತ್ತು, ದಬ್ಬೆ ಜಾರಿ ಒಂದು ಕಡೆ ಗಾಯ ಬಾಯಿ ಬಿಟ್ಟಿತ್ತು. ತಬಿತಮ್ಮ ಬಿಸಿನೀರು ತಂದು ಪಕ್ಕದಲ್ಲಿ ಮಂಡಿಯೂರಿದಳು. ಅಣ್ಣ ಆ ಕಡೆ ಮಂಡಿಯೂರಿದ.

ಅಣ್ಣ ತಲೆ ಎತ್ತದೆ ಕೇಳಿದ: "ತಬಿತಮ್ಮ, ಈಗ ನನಗ ಕೇಳಸ್ತದ. ಅವತ್ತು ವೆಸ್ಟ್ರ್ಯಾಗ ನೀವು ಏನ್ ಹೇಳಿದ್ರಿ?"

ಅವಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಒಳ್ಳೆಯದಿತ್ತು.

"ಅವತ್ತಿಂದು ಅವತ್ತಿಗೆ ಮುಗೀತ್ರೀ" ಎಂದಳು. "ಈಗ ಆ ಕಾಲು ತುಸು ಮ್ಯಾಲೆತ್ತಿ ಹಿಡೀರಿ. ಹಂಗಲ್ಲ, ಎರಡೂ ಕೈಯಿಲೆ."

ಅಣ್ಣ ಎರಡೂ ಕೈಯಿಂದ ಎತ್ತಿ ಹಿಡಿದ.